ಗುಡ್ಡದ ಕೇರಿಯ ಗಾಡಿ

ಅಮೆರಿಕ ಸಂಯುಕ್ತ ಸಂಸ್ಥಾನದ ಪಿಟ್ಸ್‌ಬರ್ಗ್ ಉಕ್ಕಿನ ನಗರವೆಂದು ಪ್ರಸಿದ್ಧವಾದುದು. ವ್ಯಾಪಾರದ ಪೇಟೆಗೂ, ದೊಡ್ಡ ಆಸ್ಪತ್ರೆಗಳೂ ವಿಶ್ವವಿದ್ಯಾನಿಲಯವೂ ಇರುವ ಓಕ್‌ಲ್ಯಾಂಡ್ ಭಾಗಕ್ಕೂ ನಡುವೆ ಅಲ್ಲಿ ಒಂದು ದಿಣ್ಣೆಯುಂಟು. ಹಿಲ್ ಡಿಸ್ಟ್ರಿಕ್ಟ್, ಎಂದರೆ ಗುಡ್ಡದ ಕೇರಿ ಎಂದು ಅದರ ಹೆಸರು. 1960ರ ದಶಕದಲ್ಲಿ ಆ ಕೇರಿಯಲ್ಲಿ ವಾಸವಾಗಿದ್ದವರು ಬಹುಮಟ್ಟಿಗೆ ಕಪ್ಪು ಜನಾಂಗದವರು. ಅದಕ್ಕೆ ಮುಂಚಿನ ಹತ್ತು ವರ್ಷಗಳಲ್ಲಿ ನಗರ ಸುಧಾರಣೆಯ ಹೆಸರಿನಿಂದ ಕೇರಿಯ ಕೆಳಭಾಗವನ್ನು ನೆಲಸಮ ಮಾಡಿ, ಸುಮಾರು 8,000 ಮಂದಿಯನ್ನು ಅಲ್ಲಿಂದ ಎಬ್ಬಿಸಿದ್ದರು. ಅವರ ಮನೆಗಳಿದ್ದ ಜಾಗದಲ್ಲಿ 1961ರ ಹೊತ್ತಿಗೆ ಭಾರಿಯಾದೊಂದು ಕ್ರೀಡಾಮಂದಿರ ಎದ್ದು ನಿಂತಿತ್ತು.

ನಕ್ಷೆಯನ್ನು ಬಿಡಿಸಿ ನೋಡಿದರೆ, ಕಾಯಿಲೆ ಬೀಳಲು ಇದಕ್ಕಿಂತ ಅನುಕೂಲವಾದ ಸ್ಥಳ ಇನ್ನೊಂದಿಲ್ಲವೆನ್ನಬೇಕು. ದಿಣ್ಣೆಯ ಎರಡು ಪಕ್ಕದಲ್ಲೂ ಆಸ್ಪತ್ರೆಗಳು. ಗಾಡಿಯಲ್ಲಿ ಹೊರಟರೆ ಕೆಲವೇ ನಿಮಿಷಗಳ ಹಾದಿ. ಆದರೂ ಆ ಕೇರಿಯಲ್ಲಿ ಒಬ್ಬನಿಗೆ ಎದೆನೋವು ಬಂದರೆ, ಅವನು ಬದುಕಿ ಆಸ್ಪತ್ರೆಯ ಬಾಗಿಲು ಕಾಣುವುದು ದೈವಾಧೀನವಾಗಿತ್ತು. ಊರಿನಲ್ಲಿ ವೈದ್ಯರಿಗೇನೂ ಬರಗಾಲವಿರಲಿಲ್ಲ. ವೈದ್ಯರ ಕೈಸೇರುವ ತನಕ ರೋಗಿಯ ಜೀವವನ್ನು ಹಿಡಿದಿಡುವವರು ಮಾತ್ರ ಯಾರೂ ಇರಲಿಲ್ಲ.

ಆಗ ಅಲ್ಲಿದ್ದ ಏರ್ಪಾಡು ಇಂದಿನ ಓದುಗರಿಗೆ ವಿಚಿತ್ರವಾಗಿ ತೋರಬಹುದು. ಸಹಾಯ ಬೇಕೆಂದು ಟೆಲಿಫೋನು ಮಾಡಿದರೆ ಬರುತ್ತಿದ್ದುದು ಪೋಲೀಸರ ಗಾಡಿ. ಬೆಳಿಗ್ಗೆ ಕುಡುಕರನ್ನೂ ಕಳ್ಳರನ್ನೂ ತುಂಬಿಕೊಂಡು ಠಾಣೆಗೆ ಹೋದ ವ್ಯಾನೇ ಮಧ್ಯಾಹ್ನ ರೋಗಿಯನ್ನು ಕೊಂಡೊಯ್ಯಲು ಬರುವುದು. ಇಬ್ಬರು ಪೋಲೀಸರು ರೋಗಿಯನ್ನು ಎತ್ತಿ ಹಿಂದಿನ ಬಾಗಿಲಿನಿಂದ ಒಳಕ್ಕೆ ಸೇರಿಸಿ, ತಾವಿಬ್ಬರೂ ಮುಂದೆ ಕುಳಿತು, ಗಾಡಿಯನ್ನು ಓಡಿಸಿಬಿಡುವರು. ಹಿಂದೆ ರೋಗಿ ಒಬ್ಬಂಟಿ. ಉಸಿರು ನಿಂತರೆ ತಿಳಿಯುವುದು ಆಸ್ಪತ್ರೆಯಲ್ಲಿ ಬಾಗಿಲು ತೆರೆದಾಗಲೇ. ಇಷ್ಟಾದರೂ ಆ ಗಾಡಿ ಗುಡ್ಡದ ಕೇರಿಗೆ ಬೇಗ ಬರುವುದೆಂಬ ನಂಬಿಕೆಯಿರಲಿಲ್ಲ. ಬಂದರೂ, ಪೋಲೀಸರೆಂದರೆ ಭಯವೂ ಹಗೆಯೂ ಬೆಳೆದುಹೋಗಿದ್ದ ಮನೆಗಳಲ್ಲಿ ಅವರನ್ನು ಕರೆಯುವುದಕ್ಕೇ ಜನ ಹಿಂಜರಿಯುತ್ತಿದ್ದರು.

ಪಿಟ್ಸ್‌ಬರ್ಗ್ ಒಂದರದೇ ಕಥೆ ಇದಾಗಿರಲಿಲ್ಲ. 1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಅಪಘಾತ ಮರಣಗಳನ್ನು ಕುರಿತು ಒಂದು ವರದಿಯನ್ನು ಹೊರತಂದಿತು. ಹಿಂದಿನ ವರ್ಷ ಅಪಘಾತಗಳಿಂದ ಸತ್ತವರು 1,07,000 ಮಂದಿ ಎಂಬ ಲೆಕ್ಕ ಅದರಲ್ಲಿತ್ತು. ದೇಶದ ಆಂಬುಲೆನ್ಸ್ ಸೇವೆಯ ಅರ್ಧದಷ್ಟನ್ನು ಸುಮಾರು 12,000 ಮಂದಿ ಶವಸಂಸ್ಕಾರದ ವೃತ್ತಿಯವರು ನಡೆಸುತ್ತಿದ್ದಾರೆಂದೂ ಅದು ತಿಳಿಸಿತು. ಮನುಷ್ಯ ಉದ್ದಕ್ಕೆ ಮಲಗುವಷ್ಟು ಜಾಗವಿರುವ ಗಾಡಿ ಅವರಲ್ಲಿಯೇ ಇದ್ದುದು ಅದಕ್ಕೆ ಕಾರಣ. ಬದುಕಿದರೆ ಆಸ್ಪತ್ರೆಯವರೆಗಿನ ಬಾಡಿಗೆ, ಸತ್ತರೆ ಸ್ಮಶಾನದವರೆಗಿನ ಬಾಡಿಗೆ. ವ್ಯಾಪಾರಕ್ಕೆ ಎರಡು ಕಡೆಯಿಂದಲೂ ನಷ್ಟವಿಲ್ಲ. ಚಂದ್ರಲೋಕಕ್ಕೆ ಮನುಷ್ಯನನ್ನು ಕಳುಹಿಸಲು ಸಿದ್ಧವಾಗುತ್ತಿದ್ದ ದೇಶದ ಸ್ಥಿತಿ ಇದು!

ಅದೇ ವರ್ಷ ನವೆಂಬರ್ 4ರಂದು ಪಿಟ್ಸ್‌ಬರ್ಗಿನ ಚುನಾವಣಾ ಸಭೆಯೊಂದರಲ್ಲಿ ಮಾತನಾಡುತ್ತಿದ್ದ ಡೇವಿಡ್ ಲಾರೆನ್ಸ್ ಅವರು ಹೃದಯಸ್ತಂಭನವಾಗಿ ಕುಸಿದುಬಿದ್ದರು. ಇವರು ಸಾಮಾನ್ಯರಲ್ಲ. ಹದಿಮೂರು ವರ್ಷ ಆ ನಗರದ ಮೇಯರ್ ಆಗಿದ್ದವರು, ಅನಂತರ ಪೆನ್ಸಿಲ್ವೇನಿಯಾ ಸಂಸ್ಥಾನದ ಗವರ್ನರ್ ಆಗಿದ್ದವರು. ಗುಡ್ಡದ ಕೇರಿಯ ಕೆಳಭಾಗ ನೆಲಸಮವಾದುದು ಇವರ ಆಡಳಿತದಲ್ಲಿಯೇ. ಸಭೆಯಲ್ಲಿದ್ದ ದಾದಿಯೊಬ್ಬಳು ಕೂಡಲೇ ಉಪಚಾರಕ್ಕೆ ತೊಡಗಿದಳು. ಆದರೆ ಅವರನ್ನು ಒಯ್ಯಲು ಬಂದುದು ಪೋಲೀಸರ ಅದೇ ಗಾಡಿ. ಮಿದುಳಿಗೆ ರಕ್ತ ಹರಿಯುವುದು ನಾಲ್ಕಾರು ನಿಮಿಷ ನಿಂತರೆ ಸಾಕು, ಮುಂದೆ ಹೃದಯ ಮತ್ತೆ ಬಡಿದರೂ ಮನುಷ್ಯ ಹಿಂತಿರುಗುವುದಿಲ್ಲ. ಆಸ್ಪತ್ರೆಯಲ್ಲಿ ಅವರ ಹೃದಯವನ್ನು ನಡೆಸಿದರು, ಪ್ರಜ್ಞೆಯನ್ನು ತರಲಾಗಲಿಲ್ಲ. ನವೆಂಬರ್ 21ರಂದು ಅವರು ತೀರಿಕೊಂಡರು. ಬಡವರ ಕೇರಿಗೆ ಸಾಕೆಂದು ಬಿಟ್ಟಿದ್ದ ವ್ಯವಸ್ಥೆ ಊರಿನ ದೊಡ್ಡ ಮನುಷ್ಯನಿಗೂ ಅಷ್ಟನ್ನೇ ಕೊಟ್ಟಿತು.

ಆಸ್ಪತ್ರೆಯಲ್ಲಿ ಅವರ ಚಿಕಿತ್ಸೆಗೆ ನಿಂತವರಲ್ಲಿ ಡಾಕ್ಟರ್ ಪೀಟರ್ ಸಾಫರ್ ಎಂಬ ಅರಿವಳಿಕೆ ತಜ್ಞರು ಒಬ್ಬರು. 1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲಸಿದವರು. ಇವರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ನೀರಿನಲ್ಲಿ ಮುಳುಗಿ ಉಸಿರು ಕಟ್ಟಿದವನನ್ನು ಬೋರಲು ಮಲಗಿಸಿ, ಬೆನ್ನನ್ನು ಒತ್ತಿ, ತೋಳುಗಳನ್ನು ಎತ್ತಿ ಇಳಿಸುವ ಪದ್ಧತಿಯನ್ನು 1950ರ ದಶಕದವರೆಗೂ ಎಲ್ಲ ಕಡೆ ಕಲಿಸುತ್ತಿದ್ದರು. ಅದರಿಂದ ಶ್ವಾಸಕೋಶಕ್ಕೆ ಹೋಗುವ ಗಾಳಿ ಬಹಳ ಕಡಮೆಯೆಂದು ಸಾಫರ್ ಅವರಿಗೆ ಸಂದೇಹ. ಬಾಲ್ಟಿಮೋರಿನಲ್ಲಿದ್ದಾಗ ಅವರೊಂದು ಸಾಹಸದ ಪರೀಕ್ಷೆ ನಡೆಸಿದರು. ತಾವಾಗಿ ಮುಂದೆ ಬಂದ ಜನರಿಗೆ ಮದ್ದು ಕೊಟ್ಟು, ಮೈಯ ಸ್ನಾಯುಗಳೆಲ್ಲ ಸಡಿಲಿ ತಾವಾಗಿ ಉಸಿರಾಡಲಾರದಂತೆ ಮಲಗಿಸುವುದು. ಆಮೇಲೆ ವೈದ್ಯವನ್ನು ಅರಿಯದ ಸಾಮಾನ್ಯರನ್ನು ಕರೆದು, ತಲೆಯನ್ನು ಹಿಂದಕ್ಕೆ ಬಾಗಿಸಿ, ಬಾಯಿಗೆ ಬಾಯಿಟ್ಟು ಉಸಿರು ತುಂಬುವಂತೆ ಹೇಳುವುದು. ಹಳೆಯ ಪದ್ಧತಿ ಸೋತಿತು, ಹೊಸದು ಗೆದ್ದಿತು. 1960ರಲ್ಲಿ ಅದೇ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯವರು ಎದೆಯನ್ನು ಹೊರಗಿನಿಂದ ಒತ್ತಿ ನಿಂತ ಹೃದಯದಿಂದಲೂ ರಕ್ತವನ್ನು ಹರಿಸಬಹುದೆಂದು ತೋರಿಸಿದರು. ಎರಡನ್ನೂ ಜೋಡಿಸಿ, ಮೊದಲು ಶ್ವಾಸದ ದಾರಿ, ಆಮೇಲೆ ಉಸಿರು, ಆಮೇಲೆ ರಕ್ತಚಲನೆ ಎಂದು ಎ, ಬಿ, ಸಿ ಅಕ್ಷರಗಳ ಕ್ರಮದಲ್ಲಿ ಸಾಫರ್ ಜಗತ್ತಿಗೆ ಕಲಿಸಿದರು. ಅಭ್ಯಾಸಕ್ಕೆಂದು ನಾರ್ವೆ ದೇಶದ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಎಂಬುವರು ಮನುಷ್ಯನಷ್ಟೇ ದೊಡ್ಡದಾದ ಬೊಂಬೆಯನ್ನು ಮಾಡಿದರು. ಇಂದು ಶಾಲೆ ಕಾರ್ಖಾನೆಗಳಲ್ಲಿ ಪ್ರಥಮ ಚಿಕಿತ್ಸೆ ಕಲಿಸುವವರು ಎದುರಿಗಿಟ್ಟುಕೊಳ್ಳುವ ಬೊಂಬೆ ಅದರ ಸಂತಾನವೇ.

ಆ ಪರೀಕ್ಷೆಗಳಿಂದ ಸಾಫರ್ ಅವರಿಗೆ ದೊರೆತ ಪಾಠ ಉಸಿರಾಟಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಜೀವ ಉಳಿಸುವ ಮೊದಲ ಕೆಲಸಕ್ಕೆ ವೈದ್ಯಪದವಿ ಬೇಕಾಗಿಲ್ಲ, ಸರಿಯಾಗಿ ಕಲಿಸಿದರೆ ಯಾರಾದರೂ ಮಾಡಬಲ್ಲರು ಎಂಬುದು ಅವರಿಗೆ ದೃಢವಾಯಿತು. 1966ರಲ್ಲಿ ಅವರ ಮಗಳು ಎಲಿಜಬೆತ್ ಉಬ್ಬಸ ಉಲ್ಬಣಿಸಿ ತೀರಿಕೊಂಡಳು. ಉಸಿರು ತುಂಬುವುದನ್ನು ಲೋಕಕ್ಕೆ ಕಲಿಸಿದ ತಂದೆಯ ಮನೆಯಲ್ಲಿಯೇ ಹೀಗಾಯಿತು. ಆ ದುಃಖವನ್ನು ಹೊತ್ತುಕೊಂಡೇ ಅವರು, ಆಸ್ಪತ್ರೆಯ ಬಾಗಿಲಿನಿಂದ ಹೊರಗೆ, ಬೀದಿಯಲ್ಲಿಯೇ ಚಿಕಿತ್ಸೆ ಆರಂಭವಾಗಬೇಕೆಂಬ ಯೋಜನೆಗೆ ಕೈಹಾಕಿದರು.

ಆ ವೇಳೆಗೆ ಇನ್ನೊಂದು ಕಡೆಯಿಂದ ಇನ್ನೊಬ್ಬರು ಅದೇ ಹಾದಿಯಲ್ಲಿ ಬರುತ್ತಿದ್ದರು. ಪಿಟ್ಸ್‌ಬರ್ಗಿನ ಮಾರಿಸ್ ಫಾಕ್ ಮೆಡಿಕಲ್ ಫಂಡ್ ಎಂಬ ಧರ್ಮನಿಧಿಯ ಅಧ್ಯಕ್ಷರಾಗಿದ್ದ ಫಿಲಿಪ್ ಹ್ಯಾಲೆನ್ ಅವರು ಹಿಂದೊಮ್ಮೆ ಆಂಬುಲೆನ್ಸ್ ನಡೆಸಿ ಅನುಭವವಿದ್ದವರು. ಗುಡ್ಡದ ಕೇರಿಯಲ್ಲಿ ಕೆಲಸವಿಲ್ಲದ ತರುಣರು ಬೇಕಾದಷ್ಟಿದ್ದಾರೆ, ಗಾಡಿಯಿಲ್ಲದೆ ಸಾಯುವವರೂ ಇದ್ದಾರೆ. ಇವರಿಂದ ಅವರಿಗೆ ಏಕೆ ಸಹಾಯವಾಗಬಾರದು ಎಂಬುದು ಅವರ ವಿಚಾರ. ಜೇಮ್ಸ್ ಮೆಕಾಯ್ ಎಂಬ ಕಪ್ಪು ಜನಾಂಗದ ಮುಂದಾಳು ಅದೇ ಕೇರಿಯಲ್ಲಿ ಫ್ರೀಡಮ್ ಹೌಸ್ ಎಂಬ ಸಂಸ್ಥೆ ನಡೆಸುತ್ತಿದ್ದರು. ನಿರುದ್ಯೋಗಿಗಳಿಗೆ ಕೆಲಸ ಹುಡುಕಿಕೊಡುವುದು, ಮನೆಮನೆಗೆ ಗಾಡಿಯಲ್ಲಿ ತರಕಾರಿ ಮುಟ್ಟಿಸುವುದು ಮುಂತಾದುವು ಅದರ ಕಾರ್ಯಗಳು. ತರಕಾರಿಯ ಗಾಡಿ ನಡೆಸುವವರು ರೋಗಿಯ ಗಾಡಿಯನ್ನು ಏಕೆ ನಡೆಸಬಾರದು? 1967ರಲ್ಲಿ ಮೂವರೂ ಒಂದೆಡೆ ಕುಳಿತರು.

ಹ್ಯಾಲೆನ್ ಕೇಳಿದುದು ಒಂದು ಸಾರಿಗೆಯ ಏರ್ಪಾಡನ್ನು. ಸಾಫರ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ಗಾಡಿಯಲ್ಲಿ ಕೂರುವವರು ಆಸ್ಪತ್ರೆಯ ತುರ್ತುಚಿಕಿತ್ಸಾ ಕೊಠಡಿಯಲ್ಲಿ ನಡೆಯುವ ಕೆಲಸವನ್ನು ರೋಗಿಯ ಮನೆಯ ನಡುಮನೆಯಲ್ಲಿಯೇ ಮಾಡಬಲ್ಲವರಾಗಬೇಕೆಂದು ಹಟ ಹಿಡಿದರು. ಸುಮಾರು 300 ಗಂಟೆಗಳ ಪಾಠಕ್ರಮವನ್ನು ಅವರು ಸಿದ್ಧಗೊಳಿಸಿದರು. ಆ ಕಾಲದಲ್ಲಿ ಇದು ಕೇಳರಿಯದ ಮಾತು. ದೇಶದ ಎಷ್ಟೋ ಕಡೆ ಸಾಮಾನ್ಯ ಪ್ರಥಮ ಚಿಕಿತ್ಸೆಯನ್ನು ಬಲ್ಲವನೇ ಗಾಡಿಯಲ್ಲಿರುತ್ತಿರಲಿಲ್ಲ. ಶರೀರರಚನೆ, ಶರೀರಕ್ರಿಯೆ, ಹೃದಯದ ಉಪಚಾರ, ದಾದಿಯರ ಕೆಲಸ, ಎಚ್ಚರದಿಂದ ಗಾಡಿ ಓಡಿಸುವುದು, ಎಲ್ಲವೂ ಅದರಲ್ಲಿದ್ದುವು.

ಹೀಗೆ ಸೇರಿದ ಮೊದಲ ತಂಡದಲ್ಲಿದ್ದವರು ಇಪ್ಪತ್ತೈದರ ಆಸುಪಾಸಿನ ಸಂಖ್ಯೆಯ ಮಂದಿ. ಅವರಲ್ಲಿ ಅರ್ಧದಷ್ಟು ಜನ ಪ್ರೌಢಶಾಲೆಯನ್ನೂ ಮುಗಿಸಿದವರಲ್ಲ. ಕೆಲವರು ವಿಯಟ್ನಾಮಿನ ಯುದ್ಧಭೂಮಿಯಿಂದ ಹಿಂತಿರುಗಿ ದಿಕ್ಕು ತೋಚದಿದ್ದವರು. ಕೆಲವರ ಹೆಸರು ಪೋಲೀಸರ ಪುಸ್ತಕದಲ್ಲಿಯೂ ಇತ್ತು. ಸರಕಾರದ ಕಾಗದಗಳಲ್ಲಿ ಇಂಥವರನ್ನು ‘ಉದ್ಯೋಗಕ್ಕೆ ಒದಗದವರು’ ಎಂದು ಬರೆಯುವ ವಾಡಿಕೆ. ಈ ಒದಗದವರು ಹಗಲೆಲ್ಲ ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ನಿಂತು ನೋಡಿದರು, ತುರ್ತುವಿಭಾಗದಲ್ಲಿ ದುಡಿದರು, ಬೊಂಬೆಯ ಎದೆಯನ್ನೊತ್ತಿ ಕೈಬೀಳಿಸಿಕೊಂಡರು. ಬಿಟ್ಟಿದ್ದ ಶಾಲೆಯ ಪಾಠವನ್ನೂ ಜೊತೆಯಲ್ಲಿ ಮುಗಿಸಿಕೊಂಡವರಿದ್ದರು.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಅಮೆರಿಕದ ಅನೇಕ ನಗರಗಳೊಡನೆ ಗುಡ್ಡದ ಕೇರಿಯೂ ಹತ್ತಿ ಉರಿಯಿತು. ಆ ಗಲಭೆಯ ನಡುವೆಯೂ ಫ್ರೀಡಮ್ ಹೌಸಿನ ತರುಣರು ಗಾಯಗೊಂಡವರ ಸೇವೆ ಮಾಡಿದರು. ಅವರನ್ನು ತಡೆಯುವವರು ಅಲ್ಲಿ ಯಾರಿದ್ದರು? ಎಲ್ಲರೂ ಅವರ ನೆರೆಮನೆಯವರೇ.

ಸೇವೆ ಕ್ರಮವಾಗಿ ಆರಂಭವಾದ ಮೊದಲ ವರ್ಷದಲ್ಲಿ ಅವರಿಗೆ ಬಂದ ಕರೆಗಳು ಸುಮಾರು 5,800; ಆಸ್ಪತ್ರೆ ಮುಟ್ಟಿಸಿದ ರೋಗಿಗಳು 4,600ಕ್ಕೂ ಹೆಚ್ಚು. ಆ ವರ್ಷ 200 ಜೀವಗಳು ಉಳಿದುವೆಂದು ಸಾಫರ್ ಅವರ ಲೆಕ್ಕ. ಗಾಡಿಯನ್ನೂ ಸಾಫರ್ ಅವರೇ ಯೋಚಿಸಿ ರೂಪಿಸಿದ್ದರು. ರೋಗಿಯ ತಲೆಯ ಹಿಂದೆ ಒಬ್ಬನು ಕುಳಿತು ಗಂಟಲಿಗೆ ನಳಿಗೆ ಇಳಿಸಲು ಜಾಗವಿರಬೇಕು, ಆಮ್ಲಜನಕವಿರಬೇಕು, ಗಂಟಲಿನಲ್ಲಿ ತುಂಬಿದ ದ್ರವವನ್ನು ಹೀರುವ ಯಂತ್ರವಿರಬೇಕು, ಹೃದಯದ ಬಡಿತವನ್ನು ಕಾಗದದ ಮೇಲೆ ತೋರಿಸುವ ಯಂತ್ರವಿರಬೇಕು ಎಂಬುದು ಅವರ ನಿಯಮ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಡಾಕ್ಟರ್ ಪ್ಯಾಂಟ್ರಿಜ್ ಅವರು 1966ರಲ್ಲಿಯೇ ಹೃದಯಕ್ಕೆ ವಿದ್ಯುತ್ತಿನ ಆಘಾತ ಕೊಡುವ ಯಂತ್ರವನ್ನು ಗಾಡಿಯಲ್ಲಿ ಕೊಂಡೊಯ್ದಿದ್ದುದುಂಟು. ಆದರೆ ಅಲ್ಲಿ ಗಾಡಿಯಲ್ಲಿ ಹೋಗುತ್ತಿದ್ದವರು ವೈದ್ಯರು ಮತ್ತು ದಾದಿಯರು. ಪಿಟ್ಸ್‌ಬರ್ಗಿನ ಗಾಡಿಯಲ್ಲಿದ್ದವರು ಅದೇ ಕೇರಿಯ ಹುಡುಗರು. ಇದರ ಬೆಲೆ ಔಷಧಿಗಿಂತ ಕಡಮೆಯದೇನೂ ಅಲ್ಲ. ಯಾವ ಓಣಿಯಲ್ಲಿ ಗಾಡಿ ತಿರುಗದು, ಯಾವ ಮನೆಯ ಮೆಟ್ಟಿಲು ಮುರಿದಿದೆ, ಯಾವ ಮುದುಕಿ ಒಬ್ಬಳೇ ಇರುವಳು ಎಂಬುದೆಲ್ಲ ಅವರಿಗೆ ಗೊತ್ತು. ಪೋಲೀಸರನ್ನು ಕಳುಹಿಸಬೇಡಿ, ಫ್ರೀಡಮ್ ಹೌಸಿನವರನ್ನು ಕಳುಹಿಸಿ ಎಂದು ಜನ ಟೆಲಿಫೋನಿನಲ್ಲಿ ಕೇಳತೊಡಗಿದರು.

ಎಲ್ಲ ಬಾಗಿಲುಗಳೂ ಹೀಗೆ ತೆರೆದವೆಂದು ತಿಳಿಯಬಾರದು. ಪ್ರಾಣ ಹೋಗುತ್ತಿರುವಾಗಲೂ ಕಪ್ಪು ಕೈ ತಮ್ಮನ್ನು ಮುಟ್ಟಕೂಡದೆಂದ ಬಿಳಿಯ ರೋಗಿಗಳಿದ್ದರು. ಈ ದೇಶದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ತುರ್ತು ಕರೆಗಳು ಮೊದಲು ಪೋಲೀಸ್ ಇಲಾಖೆಗೇ ಹೋಗುತ್ತಿದ್ದುವಾಗಿ, ಅಲ್ಲಿಂದ ಇವರಿಗೆ ಸುದ್ದಿ ತಲುಪುವುದೂ ಖಚಿತವಿರಲಿಲ್ಲ. ತರುಣರು ಪೋಲೀಸರ ರೇಡಿಯೋ ಮಾತುಗಳಿಗೆ ಕಿವಿಗೊಟ್ಟು ಕುಳಿತು, ಸ್ಥಳದ ಹೆಸರು ಕೇಳಿದ ಕೂಡಲೇ ತಾವೇ ಹೊರಟು, ಅವರಿಗಿಂತ ಮುಂಚೆ ಮುಟ್ಟುವ ಉಪಾಯವನ್ನು ಕಂಡುಕೊಂಡರು.

1972ರಲ್ಲಿ ಈ ಸೇವೆಯನ್ನು ಪರೀಕ್ಷಿಸಿ ನೋಡಲಾಯಿತು. ಎರಡು ತಿಂಗಳಲ್ಲಿ ಆಸ್ಪತ್ರೆಗೆ ಬಂದ 1,400 ರೋಗಿಗಳಿಗೆ ದಾರಿಯಲ್ಲಿ ದೊರೆತ ಉಪಚಾರ ಸರಿಯೇ ತಪ್ಪೇ ಎಂದು ತೂಗಿದರು. ಫ್ರೀಡಮ್ ಹೌಸಿನವರು ಕಠಿಣ ಸ್ಥಿತಿಯ ರೋಗಿಗಳಿಗೆ ಸರಿಯಾದ ಉಪಚಾರ ಕೊಟ್ಟುದು ನೂರಕ್ಕೆ 89 ಸಲ. ಪೋಲೀಸರು 38 ಸಲ. ಈ ಅಂಕಿಗಳನ್ನು ನೋಡಿ ಹಣವಂತರ ಬಡಾವಣೆಗಳವರಿಗೆ ಹೊಸದೊಂದು ಚಿಂತೆ ಹತ್ತಿತು. ಬಡವರ ಕೇರಿಗೆ ಇಂಥ ಗಾಡಿಯಿದೆ, ತೆರಿಗೆ ತೆರುವ ತಮ್ಮ ಮನೆಗೆ ಇನ್ನೂ ಪೋಲೀಸರ ವ್ಯಾನೇ ಬರುತ್ತಿದೆಯಲ್ಲ!

1974ರಲ್ಲಿ ಡಾಕ್ಟರ್ ನ್ಯಾನ್ಸಿ ಕ್ಯಾರಲೈನ್ ಎಂಬ ತರುಣಿ ಈ ಸೇವೆಯ ವೈದ್ಯ ನಿರ್ದೇಶಕರಾಗಿ ಬಂದರು. ಮೇಜಿನ ಹಿಂದೆ ಕುಳಿತು ಅಪ್ಪಣೆ ಕೊಡುವ ಜಾತಿಯವರಲ್ಲ ಈಕೆ. ಗಾಡಿಯಲ್ಲಿಯೇ ಹೋಗುವರು, ಹುಡುಗರ ಜೊತೆಯಲ್ಲಿ ರಾತ್ರಿ ಕಳೆಯುವರು, ತಪ್ಪು ಕಂಡರೆ ಮುಲಾಜಿಲ್ಲದೆ ಬೈಯುವರು, ಸರಿಯಾದಾಗ ಅವರ ಪರವಾಗಿ ಯಾರೊಡನೆಯಾದರೂ ಜಗಳಕ್ಕೆ ನಿಲ್ಲುವರು. ಅಮೆರಿಕದ ಕೇಂದ್ರ ಸರಕಾರದ ಸಾರಿಗೆ ಇಲಾಖೆ ಇಡೀ ದೇಶಕ್ಕೆ ಒಂದೇ ಬಗೆಯ ಪಾಠಕ್ರಮವನ್ನು ಸಿದ್ಧಗೊಳಿಸಬೇಕೆಂದಾಗ ಅದು ಬರೆಯಲ್ಪಟ್ಟುದು ಇವರ ಕೈಯಿಂದ, ಪರೀಕ್ಷೆಯಾದುದು ಗುಡ್ಡದ ಕೇರಿಯ ತರುಣರ ಕೆಲಸದಲ್ಲಿ. ಮುಂದೆ 1979ರಲ್ಲಿ ಅವರು ಪ್ರಕಟಿಸಿದ ಬೀದಿಯ ತುರ್ತುಚಿಕಿತ್ಸೆಯ ಪಠ್ಯಪುಸ್ತಕ ಇಂದಿಗೂ ಹೊಸ ಹೊಸ ಆವೃತ್ತಿಗಳಲ್ಲಿ ಬರುತ್ತಿದೆ. ಕರ್ನಾಟಕದಲ್ಲಿ 108ಕ್ಕೆ ಟೆಲಿಫೋನು ಮಾಡಿದರೆ ಬರುವ ಗಾಡಿ 2008ರ ನವೆಂಬರಿನಿಂದ ಓಡುತ್ತಿದೆ. ಅದರಲ್ಲಿ ರೋಗಿಯ ಪಕ್ಕದಲ್ಲಿ ಕೂರುವ ತಂತ್ರಜ್ಞನು, ವೈದ್ಯನಲ್ಲದಿದ್ದರೂ ವೈದ್ಯನ ಮೊದಲ ಕೆಲಸ ಮಾಡುವವನು. ಆತನು ಇಂಥ ಹುಡುಗರು ತುಳಿದ ಹಾದಿಯಲ್ಲಿಯೇ ಬಂದವನೆಂಬುದು ಆತನಿಗೂ ತಿಳಿದಿರಲಾರದು.

ಇಷ್ಟೆಲ್ಲ ಆಗುತ್ತಿರುವಾಗಲೇ ಬೇರು ಕೊಯ್ಯುವ ಕೆಲಸವೂ ನಡೆಯುತ್ತಿತ್ತು. ಸೇವೆ ನಿಂತಿದ್ದುದು ನಗರದೊಡನೆ ಮಾಡಿಕೊಂಡ ಕರಾರಿನ ಮೇಲೆ. 1970ರಲ್ಲಿ ಮೇಯರ್ ಪದವಿಗೆ ಬಂದ ಪೀಟ್ ಫ್ಲಾಹರ್ಟಿ ಅವರ ಆಡಳಿತಕ್ಕೆ ಈ ಸಂಸ್ಥೆಯ ಬಗ್ಗೆ ಒಲವಿರಲಿಲ್ಲ. ನಗರ ಕೊಡಬೇಕಾದ ಹಣ ತಡವಾಗಿ ಬರುವುದು ವಾಡಿಕೆಯಾಯಿತು. ಪೇಟೆಯ ಮಧ್ಯಭಾಗದಲ್ಲಿ ಗಾಡಿಯ ಸೈರನ್ ಕೂಗಿಸಕೂಡದೆಂದು ನಿರ್ಬಂಧ ಬಂದಿತು, ಜನರಿಗೆ ಗದ್ದಲವಾಗುತ್ತದೆಯಂತೆ. ಕೊನೆಗೆ, ನಗರವೇ ತನ್ನದಾದ ಆಂಬುಲೆನ್ಸ್ ಪಡೆಯನ್ನು ಕಟ್ಟುವುದೆಂದು ಮೇಯರ್ ಸಾರಿದರು. 1975ರ ಅಕ್ಟೋಬರ್ 15ರಂದು ಫ್ರೀಡಮ್ ಹೌಸಿನ ಗಾಡಿಗಳು ನಿಂತುವು.

ಇಲ್ಲಿ ನ್ಯಾಯವಾದ ಮಾತೊಂದನ್ನು ಒಪ್ಪಬೇಕು. ಊರಿಗೆಲ್ಲ ಒಂದೇ ಸೇವೆಯಿರಬೇಕು, ಅದು ದಾನದ ಹಣದಿಂದ ನಡೆಯದೆ ತೆರಿಗೆಯ ಹಣದಿಂದ ನಡೆಯಬೇಕು ಎಂಬುದು ತಪ್ಪಲ್ಲ. ಒಂದು ಕೇರಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣವೆಂಬುದು ಯಾವ ಕಡೆಯಿಂದ ನೋಡಿದರೂ ಸಲ್ಲದು. ನಗರವು ಗಾಡಿಯನ್ನು ವಹಿಸಿಕೊಂಡುದರಲ್ಲಿ ಅನ್ಯಾಯವಿರಲಿಲ್ಲ. ಗಾಡಿಯಲ್ಲಿದ್ದವರನ್ನು ನಡೆಸಿಕೊಂಡ ರೀತಿಯಲ್ಲಿ ಇತ್ತು. ಫ್ರೀಡಮ್ ಹೌಸಿನವರನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬೇಕೆಂದು ಕ್ಯಾರಲೈನ್ ಹೋರಾಡಿ ಮಾತು ಪಡೆದಿದ್ದರು. ತೆಗೆದುಕೊಂಡದ್ದೂ ಆಯಿತು. ಆಮೇಲೆ ಹೊಸ ಪರೀಕ್ಷೆಗಳು ಬಂದುವು; ಹಳೆಯ ಅಪರಾಧದ ದಾಖಲೆಯಿದ್ದವರು ಹೊರಬಿದ್ದರು; ಉಳಿದವರನ್ನು ಒಡೆದು ಬೇರೆ ಬೇರೆ ಕಡೆ ಹಂಚಿ, ಅವರಿಗಿಂತ ಎಷ್ಟೋ ಕಡಮೆ ಅನುಭವದ ಬಿಳಿಯರ ಕೈಕೆಳಗೆ ಇಟ್ಟರು. ಏಳೆಂಟು ವರ್ಷ ಸತ್ತವರನ್ನು ಎಬ್ಬಿಸಿದ ಕೈಗಳಿಗೆ ಪೆಟ್ಟಿಗೆ ಹೊರುವ, ಗಾಡಿ ಓಡಿಸುವ ಕೆಲಸ. ರೋಗಿಯನ್ನು ಮುಟ್ಟುವುದು ಬೇಡ! ಬಹಳ ಮಂದಿ ಮನನೊಂದು ತಾವಾಗಿಯೇ ಬಿಟ್ಟುಹೋದರು.

ಹೋದವರಲ್ಲಿ ಮಿಚೆಲ್ ಬ್ರೌನ್ ಎಂಬುವರು ಓಹಾಯೋ ಸಂಸ್ಥಾನದಲ್ಲಿ ನೆಲೆ ಕಂಡು, ಕೊಲಂಬಸ್ ನಗರದ ಸಾರ್ವಜನಿಕ ರಕ್ಷಣಾ ಇಲಾಖೆಯ ನಿರ್ದೇಶಕರ ಹುದ್ದೆಗೆ ಏರಿದರು. ಪೋಲೀಸು, ಅಗ್ನಿಶಾಮಕ ಪಡೆ ಎರಡೂ ಅವರ ಅಧೀನ. ಡಾಕ್ಟರ್ ಕ್ಯಾರಲೈನ್ ಇಸ್ರೇಲಿಗೆ ಹೋಗಿ ಅಲ್ಲಿಯ ಆಂಬುಲೆನ್ಸ್ ಸೇವೆಯನ್ನು ಕಟ್ಟಿದರು, ಪೂರ್ವ ಆಫ್ರಿಕದಲ್ಲಿಯೂ ದುಡಿದರು, 2002ರಲ್ಲಿ ತೀರಿಕೊಂಡರು. ಮರುವರ್ಷ ಸಾಫರ್ ಹೋದರು.

ಬಿಟ್ಟುಹೋಗದೆ ಹಲ್ಲುಕಚ್ಚಿ ನಿಂತವರಲ್ಲಿ ಜಾನ್ ಮೂನ್ ಒಬ್ಬರು. ಆಸ್ಪತ್ರೆಯಲ್ಲಿ ರೋಗಿಗಳನ್ನು ಸಾಗಿಸುವ ಸಣ್ಣ ಕೆಲಸದಲ್ಲಿದ್ದಾಗ, ಫ್ರೀಡಮ್ ಹೌಸಿನ ಇಬ್ಬರು ಸಮವಸ್ತ್ರ ಧರಿಸಿ ಗತ್ತಿನಿಂದ ಒಳಕ್ಕೆ ಬಂದುದನ್ನು ಕಂಡು, ತಾನೂ ಹಾಗಾಗಬೇಕೆಂದು ಹೋಗಿ ಸೇರಿದವರು ಇವರು. ನಗರದ ಪಡೆಯಲ್ಲಿ ಕೆಳಗಿನಿಂದ ಮೆಟ್ಟಿಲೇರುತ್ತ ಉಪಮುಖ್ಯಸ್ಥರ ಸ್ಥಾನಕ್ಕೆ ಬಂದರು. ಅಧಿಕಾರ ಕೈಗೆ ಬಂದಾಗ ಕಪ್ಪು ಜನಾಂಗದ ಹುಡುಗರನ್ನೂ ಹುಡುಗಿಯರನ್ನೂ ಹುಡುಕಿ ತಂದು ತರಬೇತಿಗೆ ಹಚ್ಚುವ ಕೆಲಸವನ್ನು ಹಿಡಿದರು. 2009ರಲ್ಲಿ ಅವರು ನಿವೃತ್ತರಾದರು.